ನಾಲೆ ಏರಿಯೋ, ತೋಪಿನ ಮಣ್ಣುದಾರಿಯೋ?

ಶಿವಮೊಗ್ಗದ ಸುತ್ತ ಬಸ್ಸು-ಲಾರಿಗಳ ಕಾಟವಿಲ್ಲದೆ ಸೈಕಲ್ ತುಳಿಯಬೇಕೆಂದರೆ ಎರಡು ಆಯ್ಕೆ: ಗಾಜನೂರಿನ ತುಂಗಾ ಅಣೆಕಟ್ಟೆಯಿಂದ ಹೊರಡುವ ನಾಲೆಯ ಏರಿ, ಇಲ್ಲವೇ ಅಕೇಶಿಯಾ-ನೀಲಗಿರಿ ತೋಪುಗಳ ನಡುವಿನ ಮಣ್ಣುದಾರಿ.

ಏರಿ ಬಹುಪಾಲು ಸಮತಟ್ಟು, ಗೇರಿಲ್ಲದ ಸೈಕಲ್ಲೇ ಸಾಕು. ಆದರೆ ನೀರಿನ ಬದಿಗೆ ಎಲ್ಲೆಡೆ ತಡೆಗೋಡೆಯಿಲ್ಲ. ಮಕ್ಕಳು ಗದ್ದೆಯ ಬದಿಯಲ್ಲೇ ತುಳಿಯಲಿ. ಭತ್ತದ ಕೊಯ್ಲಿನ ಹೊತ್ತಿಗೆ ಟ್ರ್ಯಾಕ್ಟರುಗಳು ಎದುರಾಗುತ್ತವೆ.

ನೆರಳು, ಹಕ್ಕಿಯ ದನಿ ಬೇಕಿದ್ದರೆ ಮಣ್ಣುದಾರಿಯೇ ಚೆಂದ, ಆದರೆ ಅದು ಕೈಚಳಕ ಕೇಳುತ್ತದೆ. 2 ಇಂಚಿನ ಟೈರು ಹಾಕಿ, ಗಾಳಿಯ ಒತ್ತಡ 30 ಪಿಎಸ್‌ಐ (ಪಂಪಿನ ಮೀಟರಿನಲ್ಲಿ ಕಾಣುವ ಅಳತೆ) ಆಸುಪಾಸು ಇರಲಿ. ಬೇಸಿಗೆಯಲ್ಲಿ ಜಂಬಿಟ್ಟಿಗೆಯ ಕೆಂಪು ಹರಳುಗಳು ಗೋಲಿಯಂತೆ ಉರುಳಿ, ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತದೆ. ತಿರುವಿಗೆ ಮೊದಲೇ ಬ್ರೇಕ್ ಹಿಡಿದು, ತಿರುಗುವಾಗ ಬಿಟ್ಟುಬಿಡಿ. ಒಣಗಿದ ಅಕೇಶಿಯಾ ಎಲೆಯ ಹಾಸಿನಡಿ ಬೇರು ಅಡಗಿರುತ್ತದೆ. ಮಳೆ ಬಿದ್ದರೆ ಅಂಟುಮಣ್ಣು ಟೈರಿಗೂ ಚಕ್ರದ ಅಂಚನ್ನು ಹಿಡಿಯುವ ರಿಮ್ ಬ್ರೇಕಿಗೂ ನಡುವೆ ತುಂಬಿ ಚಕ್ರವೇ ನಿಂತುಬಿಡುತ್ತದೆ. ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿಗೆ ಈ ತೊಂದರೆ ಕಡಿಮೆ. ಉಂಬಳಕ್ಕೆ (ರಕ್ತ ಹೀರುವ ಜಿಗಣೆ) ಉಪ್ಪಿನ ಗಂಟು ಜೇಬಿನಲ್ಲಿರಲಿ.

ಮೊದಲ ಸಲದವರಿಗೆ ಏರಿಯೇ ಸರಿ. ನವೆಂಬರ್‌ನಿಂದ ಫೆಬ್ರವರಿಯವರೆಗೆ ತೋಪಿನ ದಾರಿ ಹಿಡಿಯಿರಿ. ದಾರಿ ಶೆಟ್ಟಿಹಳ್ಳಿ ಅಭಯಾರಣ್ಯದತ್ತ ಹೊರಳಿದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮುಂದುವರಿಯಬೇಡಿ. ಅದು ಆನೆ, ಕಾಟಿ (ಕಾಡುಕೋಣ) ಓಡಾಡುವ ಜಾಗ.