ಡಿಸ್‌ಪ್ಲೇನಲ್ಲಿ 180, ಎಣ್ಣೆಯಲ್ಲಿ 230: ಫ್ರೈಯರ್ ಸೆನ್ಸರ್ ಬದಲಿಸುವ ಮುಂಚೆ ಓದಿ

ಕಾಂಡಿಮೆಂಟ್ಸ್, ಬೇಕರಿ, ಹೋಟೆಲ್ ನಡೆಸುವವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮಲ್ಲಿ ಕರಿಯುವ ಕೆಲಸ ಮಾಡುವ ಅಕ್ಕನ ಬಲಗೈ ಮೊಣಕೈವರೆಗೆ ಸುಟ್ಟಿತು. ಕಾರಣ ಪೆನ್ಸಿಲಿನಷ್ಟು ದಪ್ಪದ ಒಂದು ಸೆನ್ಸರ್. ಅದು ಕೆಟ್ಟಿರಲಿಲ್ಲ. ಹೊಚ್ಚ ಹೊಸದು.

ಮೈಸೂರಿನಲ್ಲಿ ನಮ್ಮದು ಸಣ್ಣ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಹಿಂದುಗಡೆಯೇ ಮಾಡುತ್ತೇವೆ. ಕರೆಂಟಿನ ಫ್ರೈಯರ್ ಇದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ತಂದದ್ದು. ಮುಂದೆ ಕೆಂಪು ಅಂಕಿ ತೋರಿಸುವ ಕಂಟ್ರೋಲರ್. 180ಕ್ಕೆ ಇಟ್ಟರೆ 180ಕ್ಕೆ ಹೀಟರ್ ಆಫ್ ಆಗುತ್ತದೆ, ಎಣ್ಣೆ ಆರಿದರೆ ಮತ್ತೆ ಆನ್.

ಗೌರಿ ಹಬ್ಬಕ್ಕೆ ಮೂರು ವಾರ ಇರುವಾಗ ಅಂಕಿ ಕುಣಿಯಲು ಶುರುವಾಯಿತು. 140 ಅನ್ನುತ್ತದೆ, ತಕ್ಷಣ 90, ಮತ್ತೆ 175. ಮೆಕ್ಯಾನಿಕ್ ಬಂದು ಸೆನ್ಸರ್ ಹೋಗಿದೆ ಎಂದ. ಅರ್ಧ ಗಂಟೆಯಲ್ಲಿ ಬೇರೆಯದು ತಂದು ಹಾಕಿದ. "ಕೆ ಟೈಪ್ ಹಾಕಿದ್ದೀನಿ ಸಾರ್, ಎಲ್ಲಾ ಕಡೆ ಇದೇ ಓಡೋದು" ಅಂದ. ಹಳೆಯದು ಯಾವ ಟೈಪ್ ಇತ್ತು ಅಂತ ನಾನು ಕೇಳಲಿಲ್ಲ. ಸೆನ್ಸರ್‌ಗಳಲ್ಲಿ ಟೈಪ್ ಇರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಮಾರನೇ ದಿನವೇ ಅಕ್ಕ ಹೇಳಿದರು, "ಅಣ್ಣ, ಎಣ್ಣೆ ಜಾಸ್ತಿ ಕಾದಿದೆ ನೋಡಿ." ಹೋಗಿ ನೋಡಿದೆ. ಚಕ್ಕುಲಿ ಬಿಟ್ಟ ಕೂಡಲೇ ನೊರೆ ಉಕ್ಕಿ, ನಿಮಿಷದೊಳಗೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಮುರಿದರೆ ಒಳಗೆ ಇನ್ನೂ ಮೆತ್ತಗೆ. ತಳಕ್ಕೆ ಹೋದ ಚೂರುಗಳು ಕರಕಲು. ಎಣ್ಣೆಯ ಮೇಲೆ ತೆಳು ನೀಲಿ ಹೊಗೆ. ನಾನು ಡಿಸ್‌ಪ್ಲೇ ತೋರಿಸಿದೆ. "ನೂರಾ ಎಂಬತ್ತೇ ಇದೆಯಲ್ಲಕ್ಕಾ, ಹಿಟ್ಟಿಂದೇ ಏನೋ ಇರಬೇಕು" ಅಂದೆ. ಇಪ್ಪತ್ತು ವರ್ಷದಿಂದ ಕರಿಯುತ್ತಿರುವ ಕೈಗಿಂತ ಆ ಕೆಂಪು ಅಂಕಿಯನ್ನು ನಂಬಿದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅದೇ ವಾರ ಫ್ರೈಯರ್ ತಾನಾಗಿ ಆಫ್ ಆಗತೊಡಗಿತು. ಹಿಂದುಗಡೆಯ ಸಣ್ಣ ಬಟನ್ ಒತ್ತಿದರೆ ಮಾತ್ರ ಮತ್ತೆ ಆನ್. ಅದು ಹೈ ಲಿಮಿಟ್ ಕಟ್‌ಔಟ್. ಕಂಟ್ರೋಲರ್‌ಗೂ ಅದಕ್ಕೂ ಸಂಬಂಧ ಇಲ್ಲ. ಬಿಸಿ ಅಳೆಯುವ ಅದರದ್ದೇ ಬೇರೆ ಬಲ್ಬ್ ಎಣ್ಣೆಯೊಳಗೆ ಇರುತ್ತದೆ. ಎಣ್ಣೆ 230 ಡಿಗ್ರಿ ಹತ್ತಿರ ಹೋದರೆ ಕರೆಂಟ್ ಕಡಿಯುತ್ತದೆ. ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಮೆಕ್ಯಾನಿಕ್ ಬಂದು, "ಇದು ವೀಕ್ ಆಗಿದೆ ಸಾರ್, ಡೈರೆಕ್ಟ್ ಕೊಟ್ಟಿದ್ದೀನಿ, ಇನ್ನು ಟ್ರಿಪ್ ಆಗಲ್ಲ" ಅಂದ. ಅಂದರೆ ಕಟ್‌ಔಟನ್ನು ತಪ್ಪಿಸಿ ವೈರನ್ನು ನೇರವಾಗಿ ಜೋಡಿಸಿದ್ದ. ಹಬ್ಬದ ಆರ್ಡರ್ ತಲೆ ಮೇಲೆ ಇತ್ತು. ನಾನು ದುಡ್ಡು ಕೊಟ್ಟು ಕಳಿಸಿದೆ.

ಅನಾಹುತ ಆದದ್ದು ಹಬ್ಬಕ್ಕೆ ನಾಲ್ಕು ದಿನ ಇರುವಾಗ, ರಾತ್ರಿ. ಬೆಳಿಗ್ಗೆಯಿಂದ ಕರಿದು ಕರಿದು ಎಣ್ಣೆ ಇಳಿದಿತ್ತು. ಕೊನೇ ಒಬ್ಬೆ ಅಂತ ಮೇಲೆ ಎಣ್ಣೆ ಸುರಿಯದೆ ಬಿಟ್ಟೆವು. ಸೆನ್ಸರ್ ತುದಿ ಎಣ್ಣೆಯಿಂದ ಹೊರಗೆ ಬಂದಿತ್ತು. ಗಾಳಿಯಲ್ಲಿದ್ದ ಸೆನ್ಸರ್‌ಗೆ ಎಣ್ಣೆಯ ಬಿಸಿ ಎಲ್ಲಿ ತಿಳಿಯಬೇಕು? ಹೀಟರ್ ಉರಿಯುತ್ತಲೇ ಇತ್ತು. ಕಾಯಿಲ್ ಕೂಡ ಮೇಲೆ ಕಾಣುವಷ್ಟಾಗಿ ಕೆಂಪಗಾಯಿತು. ಒಮ್ಮೆಲೇ ಭಗ್ ಅಂತ ಬೆಂಕಿ.

ಪ್ಯಾಕಿಂಗ್ ಹುಡುಗ ನೀರಿನ ಬಕೆಟ್ ಎತ್ತಿಕೊಂಡು ಓಡಿ ಬಂದ. ಅಕ್ಕ "ನೀರು ಹಾಕ್ಬೇಡ" ಅಂತ ಕಿರುಚಿ ಎಡಗೈಯಲ್ಲಿ ಅವನನ್ನು ತಳ್ಳಿದರು, ಬಲಗೈಯಲ್ಲಿ ಸ್ಟೀಲ್ ಮುಚ್ಚಳ ಎಳೆದು ಮುಚ್ಚಿದರು. ನಾನು ಮೇನ್ ಆಫ್ ಮಾಡಿದೆ. ಉರಿಯುವ ಎಣ್ಣೆಗೆ ನೀರು ಬಿದ್ದಿದ್ದರೆ ಆ ನೀರು ತಳದಲ್ಲಿ ಆವಿಯಾಗಿ ಎಣ್ಣೆಯನ್ನೇ ಮೇಲಕ್ಕೆ ಚಿಮ್ಮಿಸುತ್ತಿತ್ತು. ಆ ಸಣ್ಣ ಕೋಣೆಯಲ್ಲಿ ಮೂವರೂ ಇದ್ದೆವು.

ಆಸ್ಪತ್ರೆ, ಡ್ರೆಸಿಂಗ್, ಆರು ವಾರ ರಜೆ. ಖರ್ಚು, ಸಂಬಳ ನಾವೇ ನೋಡಿಕೊಂಡೆವು. ಅದು ದೊಡ್ಡ ಮಾತಲ್ಲ. ನೋವು ಅನುಭವಿಸಿದ್ದು ಅವರು.

ಆಮೇಲೆ ಫ್ಯಾಕ್ಟರಿಯಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡಿ ರಿಟೈರ್ ಆದ ಒಬ್ಬ ಹಿರಿಯರನ್ನು ಕರೆಸಿದೆ. ಸೆನ್ಸರ್ ಬಿಚ್ಚಿ, ಉದ್ದಕ್ಕೆ ಎಳೆದು, ಒಲೆಯ ಮೇಲೆ ಕುದಿಯುವ ನೀರಿನಲ್ಲಿ ತುದಿ ಅದ್ದಿದರು. ಮೈಸೂರಿನ ಎತ್ತರಕ್ಕೆ ನೀರು 97ರ ಆಸುಪಾಸಿನಲ್ಲಿ ಕುದಿಯುತ್ತದೆ. ನಮ್ಮ ಡಿಸ್‌ಪ್ಲೇ 82 ತೋರಿಸಿತು. ನೀರು ಕೊತಕೊತ ಅನ್ನುತ್ತಿದೆ, ಅಂಕಿ 82ಕ್ಕೇ ನಿಂತಿದೆ. ನಂತರ ಒಂದು ಅಯಸ್ಕಾಂತ ತೆಗೆದು ಸೆನ್ಸರ್‌ನ ಎರಡು ತಂತಿಗೂ ತಾಗಿಸಿದರು. ಮೈನಸ್ ತಂತಿ ಅಂಟಿತು, ಪ್ಲಸ್ ಅಂಟಲಿಲ್ಲ. "ಇದು ಕೆ. ಜೆ ಆಗಿದ್ರೆ ಪ್ಲಸ್ ಅಂಟಬೇಕಿತ್ತು, ಅದು ಕಬ್ಬಿಣ" ಅಂದರು. ಕಂಟ್ರೋಲರ್ ಮೆನು ತೆಗೆದರೆ ಅಲ್ಲಿ ಜೆ ಅಂತ ಇತ್ತು. ಕೆ ಅಂತ ಬದಲಿಸಿದರು. ಅಂಕಿ 97ಕ್ಕೆ ಹೋಯಿತು. ಕೆಲಸ ಒಂದು ನಿಮಿಷದ್ದೂ ಅಲ್ಲ.

ಅವರು ಬಿಡಿಸಿ ಹೇಳಿದ್ದು ಇಷ್ಟು. ಈ ಸೆನ್ಸರ್‌ನ ಹೆಸರು ಥರ್ಮೋಕಪಲ್. ಅಂದರೆ ಎರಡು ಬೇರೆ ಬೇರೆ ಲೋಹದ ತಂತಿ, ಒಂದು ತುದಿಯಲ್ಲಿ ಬೆಸೆದದ್ದು. ಬೆಸೆದ ತುದಿ ಎಣ್ಣೆಯಲ್ಲಿ, ಇನ್ನೊಂದು ಕಡೆ ಕಂಟ್ರೋಲರ್‌ಗೆ ಸೇರಿರುತ್ತದೆ. ಎರಡೂ ಕಡೆಯ ಬಿಸಿಯಲ್ಲಿ ಎಷ್ಟು ವ್ಯತ್ಯಾಸವೋ ಅದಕ್ಕೆ ತಕ್ಕಂತೆ ಚೂರು ವೋಲ್ಟೇಜ್ ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ಕಂಡುಕೊಂಡದ್ದು. ಚೂರು ಅಂದರೆ ನಿಜವಾಗಿಯೂ ಚೂರು. ಟಾರ್ಚಿನ ಸೆಲ್‌ನಲ್ಲಿ 1500 ಮಿಲಿವೋಲ್ಟ್ ಇದ್ದರೆ, 180 ಡಿಗ್ರಿ ಎಣ್ಣೆಯಲ್ಲಿರುವ ಕೆ ಸೆನ್ಸರ್ ಕೊಡುವುದು ಆರು ಮಿಲಿವೋಲ್ಟ್. ಕಂಟ್ರೋಲರ್ ತನ್ನ ಕಡೆಯ ಬಿಸಿಯನ್ನು ತಾನೇ ಅಳೆದು ಇದಕ್ಕೆ ಸೇರಿಸಿಕೊಳ್ಳುತ್ತದೆ. ಆಮೇಲೆ ಇಷ್ಟು ವೋಲ್ಟ್‌ಗೆ ಇಷ್ಟು ಡಿಗ್ರಿ ಅಂತ ಪಟ್ಟಿ ನೋಡಿ ಅಂಕಿ ತೋರಿಸುತ್ತದೆ.

ಪಟ್ಟಿ ಒಂದೊಂದು ಟೈಪಿಗೆ ಒಂದೊಂದು. ಕೆ ಅಂದರೆ ಕ್ರೋಮೆಲ್ ಮತ್ತು ಅಲುಮೆಲ್ ಎಂಬ ಎರಡು ಮಿಶ್ರಲೋಹ, ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಜೆ ಅಂದರೆ ಕಬ್ಬಿಣ ಮತ್ತು ಕಾನ್‌ಸ್ಟಾಂಟನ್ ಎಂಬ ಮಿಶ್ರಲೋಹ, ಡಿಗ್ರಿಗೆ 50ಕ್ಕಿಂತ ಜಾಸ್ತಿ. ಕೆ ಕೊಡುವ ಕಡಿಮೆ ವೋಲ್ಟೇಜನ್ನು ಜೆ ಪಟ್ಟಿಯಲ್ಲಿ ನೋಡಿದರೆ ಬಿಸಿ ಕಡಿಮೆ ಇದೆ ಅಂತಲೇ ಕಾಣುತ್ತದೆ. ನಮ್ಮ ಡಿಸ್‌ಪ್ಲೇ 180 ಅನ್ನುವಾಗ ಎಣ್ಣೆ ಸುಮಾರು 230 ಇತ್ತು. ಸೂರ್ಯಕಾಂತಿ ಎಣ್ಣೆ ಹೊಗೆಯಾಡುವ ಬಿಸಿ ಅದು. ಎಣ್ಣೆ ಮೂರೇ ದಿನಕ್ಕೆ ಕಪ್ಪಾಗುತ್ತಿದ್ದದ್ದೂ ಅದಕ್ಕೇ. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ (ಎಣ್ಣೆ ಕಾದು ಕೆಟ್ಟಂತೆ ಹುಟ್ಟುವ ವಸ್ತುಗಳು) 25% ದಾಟಿದರೆ ಬಳಸಬಾರದು ಅಂತ 2018ರ ಜುಲೈನಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ ಇದೆ. ಆ ವಾರಗಳಲ್ಲಿ ನಾವು ಗ್ರಾಹಕರಿಗೆ ಕೊಟ್ಟ ತಿಂಡಿಯ ಬಗ್ಗೆಯೂ ನನಗೆ ಸಮಾಧಾನ ಇಲ್ಲ.

ಉಲ್ಟಾ ಆದರೂ ತೊಂದರೆಯೇ. ಕಂಟ್ರೋಲರ್ ಕೆ, ಸೆನ್ಸರ್ ಜೆ ಆದರೆ ಎಣ್ಣೆ ಸಾಕಷ್ಟು ಕಾಯುವುದಿಲ್ಲ, ತಿಂಡಿ ಎಣ್ಣೆ ಕುಡಿಯುತ್ತದೆ. ಈ ಅದಲುಬದಲಿನಿಂದ ಎಣ್ಣೆ ವಿಪರೀತ ಕಾಯುವ ಭಯ ಇಲ್ಲ ಅನ್ನುವುದೊಂದೇ ವ್ಯತ್ಯಾಸ.

ಇನ್ನೊಂದು ತಪ್ಪು ಅವರು ಬೇಕರಿ ಓವನ್‌ಗಳಲ್ಲಿ ತುಂಬಾ ಕಂಡಿದ್ದಾರಂತೆ. ಸೆನ್ಸರ್ ವೈರ್ ಸಾಲದಿದ್ದರೆ ಮಾಮೂಲಿ ತಾಮ್ರದ ವೈರ್ ಸೇರಿಸಿ ಟೇಪ್ ಸುತ್ತಿಬಿಡುತ್ತಾರೆ. ಹಾಗೆ ಮಾಡಿದರೆ ಕಂಟ್ರೋಲರ್‌ಗೆ ಆ ಗಂಟಿನವರೆಗಿನ ಲೆಕ್ಕ ಮಾತ್ರ ಸಿಗುತ್ತದೆ. ಗಂಟು ಓವನ್ ಪಕ್ಕದಲ್ಲಿ 70 ಡಿಗ್ರಿಯಲ್ಲಿ, ಕಂಟ್ರೋಲರ್ 35ರಲ್ಲಿ ಇದ್ದರೆ, ಅಂಕಿ ಸುಮಾರು 35 ಡಿಗ್ರಿ ಕಡಿಮೆ ತೋರಿಸುತ್ತದೆ. ಜೋಡಿಸಲೇಬೇಕಾದರೆ ಅದೇ ಟೈಪಿನ ಥರ್ಮೋಕಪಲ್ ವೈರ್ ಕೇಳಿ ತನ್ನಿ. ಬಣ್ಣವನ್ನೂ ನಂಬಬೇಡಿ. ಅಮೆರಿಕದ ಪದ್ಧತಿಯಲ್ಲಿ ಕೆಂಪು ತಂತಿಯೇ ಮೈನಸ್.

ಗ್ಯಾಸ್ ಫ್ರೈಯರ್ ಇರುವವರಿಗೆ ಒಂದು ಮಾತು. ಪೈಲಟ್ ಉರಿಯ ಪಕ್ಕದಲ್ಲಿರುವ ಥರ್ಮೋಕಪಲ್ ಬೇರೆ ಕೆಲಸದ್ದು. ಉರಿ ಆರಿದರೆ ಗ್ಯಾಸ್ ನಿಲ್ಲಿಸುವುದು ಅದು. ಅದನ್ನು ತಪ್ಪಿಸಿ ಓಡಿಸಲು ಯಾರಿಗೂ ಬಿಡಬೇಡಿ.

ಇವತ್ತೇ ನಿಮ್ಮ ಫ್ರೈಯರ್ ಹಿಂದೆ ಹೋಗಿ ನೋಡಿ. ಕಟ್‌ಔಟ್‌ಗೆ ಯಾರಾದರೂ ಡೈರೆಕ್ಟ್ ಕೊಟ್ಟಿದ್ದರೆ ಅದು ಸರಿಯಾಗುವ ತನಕ ಆನ್ ಮಾಡಬೇಡಿ. ಸೆನ್ಸರ್ ಬದಲಿಸಿದಾಗ ಹಳೆಯದನ್ನು ಎಸೆಯಲು ಬಿಡದೆ ಟೈಪ್ ಕೇಳಿ, ಕಂಟ್ರೋಲರ್ ಮೆನುವಿನಲ್ಲಿ ಅದೇ ಅಕ್ಷರ ಇದೆಯಾ ನೋಡಿ. ಕುದಿಯುವ ನೀರಿನ ಪರೀಕ್ಷೆಯನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ಎಣ್ಣೆಗೆ ಅದ್ದುವ ಬೇರೆ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಅಡುಗೆ ಎಣ್ಣೆಯ ಬೆಂಕಿ ಆರಿಸಲು ಆಗುವ ವೆಟ್ ಕೆಮಿಕಲ್ ಸಿಲಿಂಡರ್ ಕೈಗೆಟುಕುವ ಕಡೆ ಇರಲಿ.

ಅಕ್ಕ ದೀಪಾವಳಿಗೆ ಮುಂಚೆ ಕೆಲಸಕ್ಕೆ ಬಂದರು. ಈಗ ಬೆಳಿಗ್ಗೆ ಅವರೇ ಥರ್ಮಾಮೀಟರ್ ಅದ್ದಿ ನೋಡುತ್ತಾರೆ. ಆ ಅಂಕಿಯನ್ನೂ ಡಿಸ್‌ಪ್ಲೇ ಅಂಕಿಯನ್ನೂ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯುತ್ತಾರೆ. ಎಣ್ಣೆ ಸರಿ ಇಲ್ಲ ಅಂತ ಅವರು ಹೇಳಿದರೆ ಮೇನ್ ಆಫ್, ಆಮೇಲೆ ಮಾತು. ಸುಟ್ಟ ಫ್ರೈಯರ್‌ಗೆ ಒಬ್ಬರು ಎಂಟು ಸಾವಿರ ಕೊಡುತ್ತೇನೆ ಅಂತ ಬಂದಿದ್ದರು, ಪೇಂಟ್ ಹೊಡೆದು ಮಾರಲು. ಕೊಡಲಿಲ್ಲ. ಬಿಚ್ಚಿಸಿ, ತುಂಡು ಮಾಡಿಸಿ, ಗುಜರಿಗೆ ಹಾಕಿದೆ.