ಮಾಟುಂಗಾದ ಆಹಾರ ಸಲಹಾ ಕೇಂದ್ರ: ಗಂಜಿಯನ್ನು ಬಿಡಿಸದ ಪಥ್ಯ

ಮಧುಮೇಹವಿರುವ ನನ್ನ ಅಮ್ಮನಿಗೆ ಹಿಂದೊಬ್ಬರು ಓಟ್ಸ್, ಕಿನೋವಾಗಳ ಪಟ್ಟಿ ಕೊಟ್ಟಿದ್ದರು. ಗಂಜಿ ಉಣ್ಣುವುದೇ ತಪ್ಪೆಂಬ ಅಳುಕು ಬೆಳೆದು, ಅಮ್ಮ ಮನೆಯವರೊಡನೆ ಊಟಕ್ಕೆ ಕೂರುವುದನ್ನೇ ಬಿಟ್ಟು ಮಂಕಾಗಿದ್ದರು. ಮುಂಬಯಿಯ ಮಾಟುಂಗಾದಲ್ಲಿರುವ ಈ ಸಣ್ಣ ಕೇಂದ್ರದ ಆಹಾರತಜ್ಞೆ ಮೊದಲು ವಿಚಾರಿಸಿದ್ದು ಉಡುಪಿ ಕಡೆಯ ನಮ್ಮ ಅಡುಗೆಯನ್ನು, ಏಕಾದಶಿಯ ಉಪವಾಸವನ್ನು, ಅಮ್ಮ ಯಾರೊಡನೆ ಉಣ್ಣುತ್ತಾರೆ ಎಂಬುದನ್ನು. ನಮ್ಮ ಗಂಜಿಯ ಕುಚ್ಚಲಕ್ಕಿಗಾಗಿ ಭತ್ತವನ್ನು ಬೇಯಿಸುವಾಗ ತೌಡಿನ ಬಿ ಜೀವಸತ್ವಗಳು ಕಾಳಿನೊಳಕ್ಕೆ ಇಳಿಯುತ್ತವೆಂದೂ, 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆಯೆಂದೂ ವಿವರಿಸಿ, ಗಂಜಿಯ ಅಳತೆಯನ್ನು ತಗ್ಗಿಸಿ, ಹುರುಳಿ ಸಾರು ಮತ್ತು ಬಸಳೆಯನ್ನು ಹೆಚ್ಚಿಸಿದರು. ಔಷಧಿಯ ವಿಚಾರವನ್ನು ವೈದ್ಯರಿಗೇ ಬಿಟ್ಟದ್ದೂ ಸರಿಯೆನಿಸಿತು. ಅಮ್ಮ ಈಗ ಎಲ್ಲರೊಡನೆ ಮಾತಾಡುತ್ತಾ ಉಣ್ಣುತ್ತಾರೆ. ನನ್ನ ಮಟ್ಟಿಗೆ ಇದು ರಕ್ತಪರೀಕ್ಷೆಯ ಅಂಕಿಯಷ್ಟೇ ಮುಖ್ಯ. ಶುಲ್ಕ ತುಸು ಹೆಚ್ಚು. ಪಟ್ಟಿ ಮರಾಠಿ, ಇಂಗ್ಲಿಷಿನಲ್ಲಿ ಮಾತ್ರ ದೊರೆಯುತ್ತದೆ. ಕನ್ನಡದಲ್ಲೂ ಕೊಟ್ಟರೆ ಮುಂಬಯಿಯ ನಮ್ಮ ಹಿರಿಯರಿಗೆ ತುಂಬ ಉಪಕಾರವಾದೀತು.