ಇಸಿ ನೋಡದೆ ಬೀಜದ ಪೊಟ್ಟಣ ಒಡೆಯಬೇಡಿ

ಚೀಲದ ಮೇಲೆ ‘ತೊಳೆದದ್ದು, ಕಡಿಮೆ ಇಸಿ’ ಎಂದು ಅಚ್ಚಾಗಿದೆ ಅಂತ ಕೋಕೋಪೀಟನ್ನು (ತೆಂಗಿನ ನಾರು ಬಿಡಿಸಿದಾಗ ಉಳಿಯುವ ಪುಡಿಯನ್ನು) ನೇರ ಸಸಿ ಟ್ರೇಗೆ ತುಂಬಬೇಡಿ. ಇಸಿ ಎಂದರೆ ವಿದ್ಯುತ್ ವಾಹಕತೆ, ಕರಗಿದ ಉಪ್ಪು ಎಷ್ಟಿದೆ ಎಂಬುದರ ಅಳತೆ. ಈ ಬೇಸಿಗೆಯಲ್ಲಿ ಅಂಥದ್ದೇ ಒಂದು ಲೋಡ್ ನಂಬಿ ನಮ್ಮ ಕಡೆಯ ಪಾಲಿಹೌಸ್ ಒಂದರಲ್ಲಿ ಬಿತ್ತಿದ ಕ್ಯಾಪ್ಸಿಕಂ ಸಸಿಗಳಲ್ಲಿ ಮುಕ್ಕಾಲು ಪಾಲು ನಾಟಿಗೆ ಬರಲೇ ಇಲ್ಲ. ಹೈಬ್ರಿಡ್ ಬೀಜಕ್ಕೆ ಕೊಟ್ಟ ದುಡ್ಡೂ ಹೋಯಿತು, ನಾಟಿಯ ಹಂಗಾಮೂ ತಪ್ಪಿತು.

ಮೊದಲು ಬೈಸಿಕೊಂಡದ್ದು ಬೀಜ. ಮೊಳಕೆ ಒಟ್ಟಿಗೆ ಏಳಲಿಲ್ಲ. ಒಂದು ಕುಳಿಯಲ್ಲಿ ಎರಡೆಲೆ ಬಿಚ್ಚಿದ್ದರೆ ಪಕ್ಕದ್ದರಲ್ಲಿ ಏನೂ ಇಲ್ಲ. ಎದ್ದವುಗಳ ಬೀಜದೆಲೆಯ ಅಂಚು ಕಂದು ತಿರುಗಿ ಒಣಗಿತ್ತು. ಕಿತ್ತು ನೋಡಿದರೆ ಬೇರಿನ ತುದಿ ಬೆಳ್ಳಗಿರುವ ಬದಲು ಸುಟ್ಟಂತೆ ಕಂದಾಗಿ, ಕವಲೇ ಒಡೆದಿರಲಿಲ್ಲ. ಅದೇ ಪೊಟ್ಟಣದ ಬೀಜ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಮೊಳೆಯಿತು. ಹಳೆಯ, ತೊಳೆದ ಕೋಕೋಪೀಟ್ ತುಂಬಿದ್ದ ಟ್ರೇಗಳೂ ಸರಿಯಾಗಿದ್ದವು. ಆಮೇಲೆ ಮೀಟರ್ ಹಿಡಿದಾಗ ಹೊಸ ಲೋಡಿನ ಇಸಿ 2ರ ಮೇಲಿತ್ತು. ಸಸಿಗೆ ಬೇಕಾದದ್ದು ಸೆಂ.ಮೀ.ಗೆ 0.5 ಮಿಲಿಸೀಮೆನ್ಸ್‌ಗಿಂತ ಕಡಿಮೆ.

ಉಪ್ಪು ಬರುವುದು ಎಲ್ಲಿಂದ? ತೆಂಗಿನ ಸಿಪ್ಪೆಯಲ್ಲೇ ಪೊಟ್ಯಾಸಿಯಂ, ಕ್ಲೋರೈಡ್ ಹೆಚ್ಚು. ಕರಾವಳಿಯಲ್ಲಿ ನಾರು ಬಿಡಿಸಲು ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿದ್ದರೆ ಸೋಡಿಯಂ ಕೂಡ ಸೇರಿಕೊಳ್ಳುತ್ತದೆ. ಬರೀ ನೀರಲ್ಲಿ ತೊಳೆದರೆ ನೀರಿನಲ್ಲಿ ಕರಗಿರುವ ಉಪ್ಪು ಹೋಗುತ್ತದೆ, ಆದರೆ ಪುಡಿಯ ಕಣಕ್ಕೆ ಅಂಟಿಕೊಂಡ ಪೊಟ್ಯಾಸಿಯಂ, ಸೋಡಿಯಂ ಅಲ್ಲೇ ಉಳಿಯುತ್ತವೆ. ಅನೇಕರು ಮೋಸಹೋಗುವುದು ಇಲ್ಲೇ. ತೊಳೆದ ದಿನ ಮೀಟರ್ ಕಡಿಮೆ ತೋರಿಸುತ್ತದೆ. ಮುಂದೆ ಕ್ಯಾಲ್ಸಿಯಂ ಇರುವ ಗೊಬ್ಬರ ಕೊಟ್ಟಾಗ ಪುಡಿಯು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ಇಸಿ ಮತ್ತೆ ಏರುತ್ತದೆ. ಗಿಡಕ್ಕೆ ಕ್ಯಾಲ್ಸಿಯಂ ಸಿಗದೆ ಎಳೆ ಎಲೆ ಮುರುಟುತ್ತದೆ. ರೈತರು ಅದನ್ನು ರಸ ಹೀರುವ ಥ್ರಿಪ್ಸ್ ಕೀಟದ ಕಾಟ ಎಂದುಕೊಂಡು ಔಷಧಿ ಹೊಡೆಯುತ್ತಾರೆ!

ಆದ್ದರಿಂದ ತೊಳೆಯುವುದು ಹೀಗೆ. ಒತ್ತಿ ಗಟ್ಟಿಮಾಡಿದ 5 ಕೆ.ಜಿ. ಕೋಕೋಪೀಟ್ ಇಟ್ಟಿಗೆಗೆ 20ರಿಂದ 25 ಲೀಟರ್ ನೀರು ಹಾಕಿ ಉಬ್ಬಿಸಿ; ಸುಮಾರು 70 ಲೀಟರಿನಷ್ಟು ಪುಡಿ ಆಗುತ್ತದೆ. ಶೇಡ್‌ನೆಟ್ ಬಟ್ಟೆಯ ಮೇಲೆ ಹರಡಿ, ಕೆಳಗೆ ಇಳಿಯುವ ಕಂದು ನೀರು ತಿಳಿಯಾಗುವವರೆಗೆ ನೀರು ಹಾಯಿಸಿ. ನಂತರ ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಸಿದು ಮತ್ತೊಮ್ಮೆ ಒಳ್ಳೆಯ ನೀರಲ್ಲಿ ತೊಳೆಯಿರಿ. ಈ ದ್ರಾವಣಕ್ಕೆ 19:19:19 ಆಗಲಿ ಸಲ್ಫೇಟ್ ಗೊಬ್ಬರವಾಗಲಿ ಬೆರೆಸಬೇಡಿ, ಗಷ್ಟು ಕಟ್ಟುತ್ತದೆ.

ಪರೀಕ್ಷೆಗೆ ಕೈಯಲ್ಲಿ ಹಿಡಿಯುವ ಇಸಿ ಮೀಟರ್ ಸಾಕು. ಹಗುರಾಗಿ ಹಿಂಡಿದ ಒದ್ದೆ ಕೋಕೋಪೀಟ್ 100 ಮಿ.ಲೀ. ಅಳತೆಗೆ 150 ಮಿ.ಲೀ. ಆರ್‌ಒ ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬೆರೆಸಿ ಕಲಕಿ, ಅರ್ಧ ಗಂಟೆ ಬಿಟ್ಟು, ಸೋಸಿ ಅಳೆಯಿರಿ. ಮಾದರಿಯನ್ನು ಒಂದೇ ಇಟ್ಟಿಗೆಯಿಂದ ತೆಗೆಯಬೇಡಿ. ಒಂದೇ ಲೋಡಿನೊಳಗೆ ಒಳ್ಳೆಯದೂ ಕೆಟ್ಟದ್ದೂ ಬೆರೆತು ಬರುತ್ತದೆ. ಬೋರ್‌ವೆಲ್ ನೀರನ್ನೂ ಅಳೆಯಿರಿ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರುಗಳಲ್ಲಿ ನೀರಿನ ಇಸಿಯೇ 1 ದಾಟಿರುವುದುಂಟು, ಅದರಲ್ಲಿ ಎಷ್ಟು ತೊಳೆದರೂ ಕೋಕೋಪೀಟ್ ನೀರಿಗಿಂತ ಸಿಹಿಯಾಗುವುದಿಲ್ಲ. ಪಾಲಿಹೌಸ್ ಮಾಡಿನ ಮಳೆನೀರು ಕೃಷಿಹೊಂಡಕ್ಕೆ ಬೀಳುವಂತೆ ಮಾಡಿಕೊಂಡವರು ಆ ನೀರನ್ನು ನರ್ಸರಿಗೇ ಎಂದು ಎತ್ತಿಡಿ.

ಉಪ್ಪಿಗೆ ಸೋತ ಬೇರಿಗೆ ಬುಡಕೊಳೆ ರೋಗ ಬೇಗ ಹತ್ತುತ್ತದೆ, ಇಲ್ಲೂ ಹಾಗೇ ಆಯಿತು. ಎರಡನ್ನೂ ಬೇರೆಬೇರೆ ಗುರುತಿಸಲು ಬರಬೇಕು. ಉಪ್ಪಿನ ಹೊಡೆತ ಟ್ರೇ ತುಂಬ ಕಾಣುತ್ತದೆ, ಎಲೆಯ ಅಂಚಿನಿಂದ ಶುರುವಾಗುತ್ತದೆ. ಬುಡಕೊಳೆ ಗುಂಪುಗುಂಪಾಗಿ ಹಬ್ಬುತ್ತದೆ: ಪುಡಿಯ ಮಟ್ಟದಲ್ಲಿ ಕಾಂಡ ನೀರುಗಟ್ಟಿ, ದಾರದಷ್ಟು ಸಣ್ಣಗಾಗಿ, ಎಲೆ ಇನ್ನೂ ಹಸಿರಿರುವಾಗಲೇ ಸಸಿ ಮಗುಚುತ್ತದೆ. ಬಿದ್ದದ್ದು ಏಳುವುದಿಲ್ಲ. ಬಿದ್ದ ಗುಂಪನ್ನು ಪುಡಿ ಸಮೇತ ತೆಗೆದು, ಸುತ್ತಲಿನ ಸಸಿಗಳ ಬುಡಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕರಗಿಸಿ ಸುರಿಯಿರಿ. ಕೋಕೋಪೀಟಿಗೆ ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿದ್ದರೆ ಆ ಔಷಧಿಯಿಂದ ಅದರ ಕೆಲಸ ಕೆಡಬಹುದು, ಹಾಗಾಗಿ ಜೈವಿಕವನ್ನು ಬಿತ್ತನೆಗೆ ಮೊದಲೇ ಬಳಸಿ, ರೋಗ ಕಂಡ ಮೇಲಲ್ಲ. ಸಂಜೆ ನೀರು ಹಾಕುವುದು, ಟ್ರೇಯನ್ನು ನೆಲದ ಪ್ಲಾಸ್ಟಿಕ್ ಮೇಲೆ ಇಡುವುದು, ಹಳೆಯ ಟ್ರೇ ತೊಳೆಯದೆ ಮತ್ತೆ ತುಂಬುವುದು, ಮೂರೂ ಈ ರೋಗಕ್ಕೆ ದಾರಿ.

ಇನ್ನೊಂದು ಮಾತು ಟ್ರೇ ಪೇರಿಸುವ ಬಗ್ಗೆ. 98 ಕುಳಿಯ ಟ್ರೇಗಳಲ್ಲಿ ಅರ್ಧ ಸೆಂ.ಮೀ. ಆಳಕ್ಕೆ ಒಂದೊಂದೇ ಬೀಜ ಹಾಕಿ, ಹತ್ತರಂತೆ ಒಂದರ ಮೇಲೊಂದಿಟ್ಟು ಪ್ಲಾಸ್ಟಿಕ್ ಹೊದಿಸುವುದು ಸರಿಯಾದ ಕ್ರಮವೇ. ಆದರೆ ಬೇಸಿಗೆಯಲ್ಲಿ ಅದನ್ನು ಪಾಲಿಹೌಸ್ ಒಳಗೆ ಬಿಸಿಲು ಬೀಳುವಲ್ಲಿ ಇಟ್ಟರೆ ಬೀಜ ಬೆಂದೇ ಹೋಗುತ್ತದೆ. ನೆರಳಿನ ಕೋಣೆಯಲ್ಲಿಡಿ. ನಾಲ್ಕನೇ ದಿನದಿಂದ ದಿನಾ ಬಿಚ್ಚಿ ನೋಡಿ, ಅಲ್ಲಲ್ಲಿ ಮೊಳಕೆಯ ಕುಣಿಕೆ ಕಂಡ ಕೂಡಲೇ ಇಳಿಸಿ. ಒಂದು ದಿನ ತಡವಾದರೂ ಕಾಂಡ ಬೆಳಕಿಲ್ಲದೆ ಉದ್ದಕ್ಕೆ ಎಳೆದುಕೊಂಡು, ಮುಂದೆ ಬಗ್ಗಿ ಬೀಳುತ್ತದೆ.

ಅದೇ ಲೋಡಿನಲ್ಲಿ ಊರಿದ ಸೇವಂತಿಗೆ ಕಡ್ಡಿಗಳೂ ಕೆಟ್ಟವು: ಕತ್ತರಿಸಿದ ತುದಿ ಕಪ್ಪಾಗಿ, ಬೇರು ಬರುವ ಮೊದಲಿನ ಬಿಳಿ ಗಂಟೇ ಕಟ್ಟಲಿಲ್ಲ. ಬೇರು ಬರಿಸುವ ಪುಡಿ ಎಷ್ಟು ಹಚ್ಚಿದರೂ ಉಪ್ಪಿನ ಎದುರು ಅದು ಕೆಲಸ ಮಾಡದು. ಕಡ್ಡಿ ತರುವಾಗ ಇನ್ನೊಂದನ್ನೂ ನೋಡಿ. ಸೇವಂತಿಗೆ ಹಗಲು ಕಿರಿದಾದಾಗ ಮೊಗ್ಗಿಗೆ ತಿರುಗುವ ಗಿಡ, ಅದಕ್ಕೇ ತಾಯಿಗಿಡಗಳ ಮೇಲೆ ರಾತ್ರಿ ಬಲ್ಬು ಉರಿಸುತ್ತಾರೆ. ಬಲ್ಬಿಲ್ಲದ ಮಡಿಯಿಂದ ಮೊಗ್ಗು ಹಿಡಿಯುವ ಹೊತ್ತಿನಲ್ಲಿ ಕಿತ್ತ ಕಡ್ಡಿ ಬೇರು ಬಿಟ್ಟರೂ ಗೇಣುದ್ದದಲ್ಲೇ ಹೂವಾಗಿ ನಿಲ್ಲುತ್ತದೆ.

ಮಾರಿದವರು ‘ನಿಮ್ಮ ನೀರೇ ಸರಿಯಿಲ್ಲ’ ಎಂದರು, ಹಾಗೆ ಎನ್ನುವುದು ಸುಲಭ. ಬಿಲ್ಲು, ಚೀಲದ ಮೇಲಿನ ಚೀಟಿ, ಒಡೆಯದ ಒಂದು ಇಟ್ಟಿಗೆ, ಬೀಜದ ಪೊಟ್ಟಣದ ಲಾಟ್ ನಂಬರು, ಇಷ್ಟನ್ನು ಸಸಿ ನಾಟಿಗೆ ಹೋಗುವವರೆಗೆ ಜೋಪಾನವಾಗಿಡಿ. ಇವಿಲ್ಲದೆ ವಾದಕ್ಕೆ ನಿಲ್ಲಲು ಆಗುವುದಿಲ್ಲ. ಕೆಟ್ಟ ಲೋಡನ್ನು ಬಿಸಾಡಬೇಡಿ. ತೆಂಗು ಉಪ್ಪು ತಡೆಯುವ ಮರ; ಅದರ ಬುಡದ ಪಾತಿಯ ಮೇಲೆ ಹೊದಿಕೆಯಾಗಿ ಹರಡಬಹುದು. ಮಣ್ಣಿಗೆ ಮಾತ್ರ ಬೆರೆಸಬೇಡಿ, ಕೊಳೆಯುವಾಗ ಮಣ್ಣಿನ ಸಾರಜನಕವನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ.